ಕೈದಿಯ ಮಾತನ್ನೂ ಕೇಳಬೇಕಲ್ಲವೇ?



ಮನೆಯಲ್ಲಿ ಗಾಜಿನ ಲೋಟ ಒಡೆದಾಗ ನಾವೇನು ಮಾಡುತ್ತೇವೆ? ಸಿಟ್ಟಿನ ಭರದಲ್ಲಿ ಎದುರಿಗೆ ಸಿಕ್ಕ ಮಗುವಿಗೆ ಒಂದೇಟು ಹಾಕುತ್ತೇವೆ. ಒಡೆದದ್ದು ಬೆಕ್ಕು ಎಂದು ಆಮೇಲೆ ತಿಳಿಯುತ್ತದೆ. ಮಗುವಿನ ತಲೆ ನೇವರಿಸಬಹುದು. ಕೊಟ್ಟ ಏಟನ್ನು ಹಿಂದಕ್ಕೆ ಪಡೆಯಲಾದೀತೇ? ದೇಶಗಳಿಗೂ ಇಂಥ ಸಿಟ್ಟು ಬರುವುದುಂಟು.

2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಸುಮಾರು 3,000 ಜನ ಭಯೋತ್ಪಾದಕರ ದಾಳಿಗೆ ಬಲಿಯಾದರು. ಆ ನೋವು ಸಣ್ಣದಲ್ಲ. ಬೆನ್ನಿಗೇ ಆರಂಭವಾದ ಯುದ್ಧದಲ್ಲಿ ಸೆರೆಸಿಕ್ಕವರಿಗಾಗಿ 2002ರ ಜನವರಿಯಲ್ಲಿ ಕ್ಯೂಬಾದ ಗ್ವಾಂಟಾನಮೊ ನೌಕಾನೆಲೆಯಲ್ಲಿ ಬಂದೀಖಾನೆ ತೆರೆಯಲಾಯಿತು. ಒಟ್ಟು ಸುಮಾರು 780 ಮಂದಿಯನ್ನು ಅಲ್ಲಿಗೆ ತಂದರು. ಇವರು ಯುದ್ಧದ ಶತ್ರುಗಳು, ಸಾಮಾನ್ಯ ನ್ಯಾಯಾಲಯದ ಬಾಗಿಲು ಇವರಿಗಿಲ್ಲ ಎಂದಿತು ಅಲ್ಲಿನ ಸರಕಾರ.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಸೆರೆಸಿಕ್ಕ ಪ್ರತಿಯೊಬ್ಬ ಸೈನಿಕನನ್ನೂ ಕೋರ್ಟಿಗೆ ಕರೆದೊಯ್ಯಲಾಗುವುದಿಲ್ಲ, ನಿಜ. ಅದರ ಅಗತ್ಯವೂ ಇಲ್ಲ. 1949ರ ಜಿನೀವಾ ಒಪ್ಪಂದದ ಪ್ರಕಾರ, ಕಾದಾಡಿದ ಮಾತ್ರಕ್ಕೆ ಶತ್ರು ಸೈನಿಕ ಅಪರಾಧಿಯಲ್ಲ. ಕಾಳಗ ಮುಗಿದ ಮೇಲೆ ಅವನನ್ನು ಊರಿಗೆ ಕಳುಹಿಸಬೇಕು. ಗ್ವಾಂಟಾನಮೊದವರಿಗಾದರೋ ಯುದ್ಧಕೈದಿಯ ಮಾನವೂ ಸಿಗಲಿಲ್ಲ, ಆರೋಪಿಯ ಹಕ್ಕೂ ಸಿಗಲಿಲ್ಲ. ಆ ಯುದ್ಧ ಎಂದು ಮುಗಿದೀತೆಂದು ಹೇಳುವವರೂ ಇರಲಿಲ್ಲ.

ಲಖ್ದಾರ್ ಬೂಮೆದಿಯೆನ್ ಅಂಥವರಲ್ಲೊಬ್ಬರು. ಇಬ್ಬರು ಎಳೆಯ ಹೆಣ್ಣುಮಕ್ಕಳ ತಂದೆ. ಬೋಸ್ನಿಯಾದಲ್ಲಿ ಪರಿಹಾರ ಸಂಸ್ಥೆಯೊಂದರಲ್ಲಿ ಕೆಲಸದಲ್ಲಿದ್ದರು. 2001ರಲ್ಲಿ ಅವರ ಬಂಧನವಾಯಿತು. ಅಲ್ಲಿನ ನ್ಯಾಯಾಲಯ ಸಾಕ್ಷ್ಯವಿಲ್ಲವೆಂದು ಬಿಡುಗಡೆಗೆ ಆಜ್ಞೆಮಾಡಿದರೂ ಅವರನ್ನು ಅಮೆರಿಕದವರಿಗೆ ಒಪ್ಪಿಸಲಾಯಿತು. ಕೈದಿಗಳ ಅಹವಾಲನ್ನು ಸಾಮಾನ್ಯ ನ್ಯಾಯಾಲಯ ಕೇಳಲೇಬೇಕೆಂದು 2008ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ತೀರ್ಪಿತ್ತಿತು. ಅದೇ ನವೆಂಬರಿನಲ್ಲಿ ಕೆಳಗಿನ ನ್ಯಾಯಾಧೀಶರು ಕಡತ ಬಿಚ್ಚಿ ನೋಡಿದರು. ಉಳಿದಿದ್ದ ಆರೋಪಕ್ಕೆ ಆಧಾರ ಹೆಸರಿಲ್ಲದ ಒಬ್ಬನ ಮಾತು ಮಾತ್ರ! 2009ರಲ್ಲಿ ಬಿಡುಗಡೆಯಾಯಿತು. ಮಕ್ಕಳ ಬಾಲ್ಯ ಅಷ್ಟರಲ್ಲಿ ಕಳೆದುಹೋಗಿತ್ತು.

ಹಾಗಾದರೆ ನಿಜವಾದ ಪಾತಕಿಗಳು ಕೋರ್ಟಿನಲ್ಲಿ ತಪ್ಪಿಸಿಕೊಳ್ಳಲಾರರೇ? ಈ ಭಯ ಸುಳ್ಳಲ್ಲ. 1998ರಲ್ಲಿ ಆಫ್ರಿಕದ ಎರಡು ಅಮೆರಿಕನ್ ರಾಯಭಾರ ಕಚೇರಿಗಳಲ್ಲಿ ಬಾಂಬ್ ಸಿಡಿದು 224 ಮಂದಿ ಸತ್ತರು. ಆ ಪ್ರಕರಣದ ಆರೋಪಿ ಘೈಲಾನಿಯ ವಿಚಾರಣೆ 2010ರಲ್ಲಿ ನ್ಯೂಯಾರ್ಕಿನಲ್ಲಿ ನಡೆದಾಗ, ಬಲವಂತದಿಂದ ದೊರೆತ ಸುಳಿವಿನ ಸಾಕ್ಷಿಯನ್ನು ನ್ಯಾಯಾಧೀಶರು ಒಪ್ಪಲಿಲ್ಲ. 280ಕ್ಕೂ ಹೆಚ್ಚು ಆರೋಪಗಳು ಬಿದ್ದುಹೋದವು, ಒಂದೇ ಒಂದು ನಿಂತಿತು. ಆ ಒಂದಕ್ಕೇ ಜೀವಾವಧಿ ಶಿಕ್ಷೆಯಾಯಿತು. ಇತ್ತ 2003ರಲ್ಲಿ ಸೆರೆಸಿಕ್ಕ, ಸೆಪ್ಟೆಂಬರ್ 11ರ ದಾಳಿಯ ಸಂಚುಗಾರನೆನ್ನಲಾದ ಖಾಲಿದ್ ಶೇಖ್ ಮೊಹಮ್ಮದನನ್ನು ಮಿಲಿಟರಿ ನ್ಯಾಯಮಂಡಳಿಗೆ ಒಪ್ಪಿಸಿದರು. 2025 ಬಂದರೂ ತೀರ್ಪಿಲ್ಲ. ಸತ್ತವರ ತಾಯಂದಿರಿಗೂ ನ್ಯಾಯ ಸಿಗಲಿಲ್ಲ ಎಂದಾಯಿತಲ್ಲ!

ದೂರದ ಮಾತು ನಮಗೇಕೆ ಎನ್ನಬೇಡಿ. 1976ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ವಿಚಾರಣೆಯಿಲ್ಲದೆ ಬಂಧನದಲ್ಲಿದ್ದವರು ಬಿಡುಗಡೆಗಾಗಿ ಕೋರ್ಟಿನ ಮೊರೆಹೋಗುವಂತಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಒಪ್ಪದವರು ಎಚ್. ಆರ್. ಖನ್ನಾ ಒಬ್ಬರೇ. ಆ ತೀರ್ಪು ತಪ್ಪೆಂದು ಅದೇ ನ್ಯಾಯಾಲಯ ಸಾರಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ.

ಸಂತ ಪೌಲರನ್ನು ನೆನೆಯಿರಿ. ಆರೋಪವೇನೆಂದು ಬರೆಯದೆ ಕೈದಿಯನ್ನು ಚಕ್ರವರ್ತಿಯ ಬಳಿಗೆ ಕಳುಹಿಸುವುದು ಸರಿಯಲ್ಲವೆಂದು ರೋಮನ್ ರಾಜ್ಯಪಾಲ ಫೆಸ್ತನಿಗೂ ಅನಿಸಿತು. ವಿಶ್ವಾಸಿಯಲ್ಲದ ಅಧಿಕಾರಿಗೆ ಹೊಳೆದದ್ದು ನಮಗೆ ಹೊಳೆಯಬಾರದೇ?

ಸೆರೆಸಿಕ್ಕವನು ಸೈನಿಕನಾದರೆ ಸೈನಿಕನಂತೆ ಕಾಣಲಿ. ಅಪರಾಧಿ ಎನ್ನುವುದಾದರೆ ತೆರೆದ ನ್ಯಾಯಾಲಯದಲ್ಲಿ ಸಾಬೀತುಪಡಿಸಲಿ. ಯಾವುದೂ ಅಲ್ಲದೆ ಕತ್ತಲಲ್ಲಿ ಇಡುವ ಹಕ್ಕು ಯಾವ ದೇಶಕ್ಕೂ ಇಲ್ಲ. ಕೇಳಿಸಿಕೊಂಡ ಮಾತ್ರಕ್ಕೆ ನಾವು ಅವನ ಪಕ್ಷ ವಹಿಸಿದಂತಾಗುವುದಿಲ್ಲ.

ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳೊಡನೆ ಈ ಮಾತು ಎತ್ತಿ ನೋಡಿ. ಕಳೆದ ಸಲ ಕಾರಣ ಕೇಳದೆ ಏಟು ಹಾಕಿದ್ದನ್ನು ಅವರು ನೆನಪಿಸಿದರೆ, ಸಿಟ್ಟಾಗದೆ ಪೂರ್ತಿ ಕೇಳಿರಿ.