ಒದ್ದೆಯ ಭಯ ಮತ್ತು ಮಗುವಿನ ದಾಹ

ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಮನೆಯಲ್ಲಿ ಒಂದು ಹೊಸ ಪಾಠ ಆರಂಭವಾಗುತ್ತದೆ. ಮೂತ್ರ ಬಂದರೆ ಹೇಳಬೇಕು, ಚಡ್ಡಿಯಲ್ಲಿ ಮಾಡಬಾರದು, ಬಚ್ಚಲಿಗೆ ಹೋಗಬೇಕು ಎಂಬ ಪಾಠ. ಶುಚಿತ್ವವನ್ನು ಈಮಾನಿನ ಭಾಗವಾಗಿ ಕಲಿಸಿದ ಧರ್ಮದ ಅನುಯಾಯಿಗಳು ಇದನ್ನು ಮಕ್ಕಳಿಗೆ ಬೇಗನೆ ಕಲಿಸಬಯಸುವುದು ಸಹಜವೇ. ಆದರೆ ಈ ಪಾಠದ ಜೊತೆಗೆ ಅನೇಕ ಮನೆಗಳಲ್ಲಿ ಇನ್ನೊಂದು ರೂಢಿಯೂ ಸದ್ದಿಲ್ಲದೆ ನುಸುಳುತ್ತದೆ. ಮಗುವಿಗೆ ನೀರು ಕೊಡುವುದು ಕಡಿಮೆಯಾಗುತ್ತದೆ. "ಈಗಷ್ಟೇ ಕುಡಿದಿದ್ದೀಯಲ್ಲ", "ಆಮೇಲೆ ಕೊಡುತ್ತೇನೆ", "ಮತ್ತೆ ಹಾಸಿಗೆ ಒದ್ದೆ ಮಾಡುತ್ತೀಯ" ಎಂಬ ಮಾತುಗಳು ಕೇಳಿಬರುತ್ತವೆ. ಇದರಲ್ಲಿ ಕ್ರೌರ್ಯದ ಉದ್ದೇಶ ಯಾರಿಗೂ ಇರುವುದಿಲ್ಲ. ಮನೆ ಶುದ್ಧವಾಗಿರಲಿ, ನಮಾಝ್‌ನ ಬಟ್ಟೆ ಕೆಡದಿರಲಿ ಎಂಬ ಕಾಳಜಿಯೇ ಇದರ ಹಿಂದೆ ಇರುತ್ತದೆ. ಆದ್ದರಿಂದಲೇ ಇದು ಯಾರ ಕಣ್ಣಿಗೂ ತಪ್ಪಾಗಿ ಕಾಣಿಸುವುದಿಲ್ಲ.

ಮೊದಲು ಈ ಉಪಾಯ ಫಲಿಸುತ್ತದೆಯೇ ಎಂದು ನೋಡೋಣ. ಎರಡು ವರ್ಷದ ಮಗುವಿನ ಮೂತ್ರಕೋಶದಲ್ಲಿ ಹಿಡಿಯುವುದು ಸುಮಾರು 120 ಮಿಲಿಲೀಟರ್, ಅಂದರೆ ಒಂದು ಸಣ್ಣ ಚಹಾ ಲೋಟದಷ್ಟು. ಅದು ತುಂಬಿ, ಬಿಗಿಯಾಗಿ, "ಈಗ ಹೋಗಬೇಕು" ಎಂಬ ಸೂಚನೆಯನ್ನು ಮಗು ಹಲವು ಬಾರಿ ಅನುಭವಿಸಿದರೆ ಮಾತ್ರ ಅದನ್ನು ಗುರುತಿಸಲು ಕಲಿಯುತ್ತದೆ. ನೀರು ಕಡಿಮೆ ಮಾಡಿದರೆ ಆ ಅಭ್ಯಾಸವೇ ಸಿಗುವುದಿಲ್ಲ. ಮೂತ್ರ ಗಾಢವಾಗಿ, ಉರಿ ಉಂಟುಮಾಡಿ, ಸ್ವಲ್ಪವೇ ಇದ್ದರೂ ತಡೆಯಲಾಗದಂತೆ ಹೊರಬರುತ್ತದೆ. ಇನ್ನೊಂದೆಡೆ ಮಲ ಗಟ್ಟಿಯಾಗುತ್ತದೆ. ಒಮ್ಮೆ ನೋವಾದ ಮಗು ಮುಂದಿನ ಬಾರಿ ಮಲವನ್ನು ತಡೆದು ಹಿಡಿಯುತ್ತದೆ. ಒಳಗೆ ತುಂಬಿನಿಂತ ಮಲ ಮೂತ್ರಕೋಶವನ್ನು ಒತ್ತುತ್ತದೆ, ಚಡ್ಡಿ ಮತ್ತೆ ಒದ್ದೆಯಾಗುತ್ತದೆ. ತಾಯಿ ನೀರನ್ನು ಇನ್ನಷ್ಟು ಕಡಿಮೆ ಮಾಡುತ್ತಾಳೆ. ಮೂತ್ರದ ಸೋಂಕು ತಗಲುವುದಕ್ಕೂ ಇದು ದಾರಿಯಾಗುತ್ತದೆ.

ರಾತ್ರಿಯ ವಿಷಯ ಬೇರೆಯೇ. ನಿದ್ದೆಯಲ್ಲಿ ಹಾಸಿಗೆ ಒಣಗಿರುವುದು ಕಲಿಕೆಯಿಂದ ಬರುವಂಥದ್ದಲ್ಲ, ಶರೀರ ಬೆಳೆದಂತೆ ಬರುವಂಥದ್ದು. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾಗುವುದನ್ನು ವೈದ್ಯರು ರೋಗವೆಂದು ಪರಿಗಣಿಸುವುದಿಲ್ಲ. ಹಗಲಿಡೀ ಸಾಕಷ್ಟು ಕುಡಿದ ಮಗುವಿಗೆ ಮಲಗುವ ಮುನ್ನ ದೊಡ್ಡ ಲೋಟ ಹಾಲು ತಪ್ಪಿಸಿದರೆ ತೊಂದರೆಯಿಲ್ಲ. ಆದರೆ ಬಾಯಾರಿ ನೀರು ಕೇಳಿದರೆ ಕೊಡಲೇಬೇಕು.

ಇಷ್ಟಕ್ಕೆ ವಿಷಯ ಮುಗಿದರೆ ಇದು ಕೇವಲ ಆರೋಗ್ಯದ ಪ್ರಶ್ನೆಯಾಗುತ್ತಿತ್ತು. ಒಂದು ವೇಳೆ ಈ ಉಪಾಯ ನಿಜವಾಗಿಯೂ ಫಲಿಸುತ್ತದೆ, ನೀರು ಕಡಿಮೆ ಮಾಡಿದರೆ ಮನೆ ಒಣಗಿಯೇ ಇರುತ್ತದೆ ಎಂದು ಇಟ್ಟುಕೊಳ್ಳೋಣ. ಆಗ ಅದು ಸರಿಯಾಗುತ್ತಿತ್ತೇ?

ಶುದ್ಧಿ ಯಾರ ಮೇಲಿನ ಕಡ್ಡಾಯ? ನಮಾಝ್ ನಿರ್ವಹಿಸಬೇಕಾದ ನಮ್ಮ ಮೇಲಿನದು. ಮಗುವಿನ ಮೇಲೆ ಅಂಥ ಯಾವ ಹೊಣೆಯನ್ನೂ ಅಲ್ಲಾಹನು ಹೊರಿಸಿಲ್ಲ. ಪ್ರಾಯಕ್ಕೆ ಬರುವ ತನಕ ಅದರ ಕರ್ಮಗಳನ್ನು ಬರೆಯುವ ಲೇಖನಿ ಎತ್ತಲ್ಪಟ್ಟಿದೆ ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಹೀಗಿರುವಾಗ ನಮ್ಮ ಕರ್ತವ್ಯದ ಬೆಲೆಯನ್ನು ಕರ್ತವ್ಯವೇ ಇಲ್ಲದವನ ದಾಹದಿಂದ ತೆರುವುದು ಯಾವ ನ್ಯಾಯ? ಆ ಬೆಲೆಯನ್ನು ನಾವೇ ತೆರಬೇಕು. ಅದು ಹೆಚ್ಚೆಂದರೆ ಒಂದು ಕೊಡ ನೀರು, ಸ್ವಲ್ಪ ಸಮಯ, ಸ್ವಲ್ಪ ಬೆನ್ನುನೋವು.

ಉಮ್ಮು ಖೈಸ್(ರ) ಎಂಬ ಸಹಾಬಿ ಮಹಿಳೆ ತನ್ನ ಹಸುಗೂಸನ್ನು ಪ್ರವಾದಿವರ್ಯರ(ಸ) ಬಳಿ ತಂದ ಘಟನೆ ಬುಖಾರಿಯಲ್ಲಿದೆ. ಅವರು ಅದನ್ನು ಮಡಿಲಲ್ಲಿ ಕುಳ್ಳಿರಿಸಿಕೊಂಡರು. ಮಗು ಅವರ ಬಟ್ಟೆಯ ಮೇಲೆಯೇ ಮೂತ್ರ ಮಾಡಿತು. ಅವರು ನೀರು ತರಿಸಿ ಅದರ ಮೇಲೆ ಚಿಮುಕಿಸಿದರು, ಅಷ್ಟೇ. ಇನ್ನೊಂದು ಪ್ರಸಿದ್ಧ ಘಟನೆ ಮದೀನಾದ ಮಸೀದಿಯದು. ಹಳ್ಳಿಗಾಡಿನ ಅರಬನೊಬ್ಬ ಮಸೀದಿಯ ಮೂಲೆಯಲ್ಲೇ ಮೂತ್ರ ಮಾಡತೊಡಗಿದಾಗ ಸಹಾಬಿಗಳು ತಡೆಯಲು ಧಾವಿಸಿದರು. ಪ್ರವಾದಿವರ್ಯರು(ಸ) ಅವರನ್ನೇ ತಡೆದು, ಅವನು ಪೂರ್ತಿಗೊಳಿಸಲಿ ಎಂದರು. ಬಳಿಕ ಅಲ್ಲಿ ಒಂದು ಕೊಡ ನೀರು ಸುರಿಯಲು ಹೇಳಿ, ಮಸೀದಿ ಯಾವುದಕ್ಕಾಗಿ ಇದೆ ಎಂಬುದನ್ನು ಅವನಿಗೆ ಸೌಮ್ಯವಾಗಿ ತಿಳಿಸಿಕೊಟ್ಟರು. ಮಸೀದಿಯಲ್ಲಿ, ಅದೂ ಬೆಳೆದ ಗಂಡಸಿನ ವಿಷಯದಲ್ಲಿ ತೋರಿದ ಈ ತಾಳ್ಮೆಯ ಅಲ್ಪಾಂಶವಾದರೂ ನಮ್ಮ ಹಾಸಿಗೆಯ ವಿಷಯದಲ್ಲಿ, ಎರಡು ವರ್ಷದ ಕೂಸಿಗೆ ಸಲ್ಲಬೇಡವೇ? ಎರಡೂ ಘಟನೆಗಳಲ್ಲಿ ಅಶುದ್ಧಿಗೆ ಪರಿಹಾರವಾದದ್ದು ನೀರು ಸುರಿಯುವುದು. ನಾವು ಅದನ್ನು ನೀರು ತಡೆಯುವುದಾಗಿ ಮಾರ್ಪಡಿಸಿದ್ದೇವೆ!

ಇದಕ್ಕಿಂತಲೂ ಸ್ಪಷ್ಟವಾದ ಪುರಾವೆ ಉಪವಾಸದ ವಿಧಿಯಲ್ಲಿದೆ. ರಂಝಾನ್‌ನ ಉಪವಾಸ ಕಡ್ಡಾಯ ಆರಾಧನೆ. ಆದರೂ ಹಾಲೂಡಿಸುವ ತಾಯಿಗೆ, ಮಗುವಿಗೆ ತೊಂದರೆಯಾದೀತೆಂಬ ಭಯವಿದ್ದರೆ, ಉಪವಾಸ ಬಿಡುವ ರಿಯಾಯಿತಿ ಇದೆ. ಇಸ್ಲಾಮಿನ ಸ್ತಂಭಗಳಲ್ಲೊಂದು ಮಗುವಿನ ಹೊಟ್ಟೆಗಾಗಿ ದಾರಿ ಬಿಟ್ಟುಕೊಡುತ್ತದೆ. ಹಾಗಿರುವಾಗ ಚಾಪೆ ಒಣಗಿರಬೇಕೆಂಬ ನಮ್ಮ ಹಟ ಅದಕ್ಕಿಂತ ದೊಡ್ಡದಾದೀತೇ?

ಬೆಕ್ಕನ್ನು ಕಟ್ಟಿಹಾಕಿ ಕೊಂದ ಸ್ತ್ರೀಯ ಕುರಿತ ಹದೀಸನ್ನು ಎಲ್ಲರೂ ಕೇಳಿರಬಹುದು. ಅವಳು ತಾನೂ ಆಹಾರ ಕೊಡಲಿಲ್ಲ, ಅದು ಹೊರಗೆ ಹೋಗಿ ಹುಡುಕಿಕೊಳ್ಳಲೂ ಬಿಡಲಿಲ್ಲ. ನಮ್ಮ ಮನೆಯ ತಾಯಂದಿರನ್ನು ಅವಳಿಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಅಂಶ ಗಮನಿಸಬೇಕು: ಎರಡು ವರ್ಷದ ಮಗುವಿಗೂ ನೀರಿನ ಕೊಡ ಕೈಗೆಟುಕುವುದಿಲ್ಲ. ನಮ್ಮ ಕೈಯ ಹೊರತು ಅದಕ್ಕೆ ಬೇರೆ ದಾರಿಯೇ ಇಲ್ಲ.

ಇಲ್ಲಿ ತಾಯಂದಿರ ಪರವಾಗಿ ಹೇಳಬೇಕಾದ ಮಾತೂ ಇದೆ. ಬೀಡಿ ಕಟ್ಟುತ್ತಾ, ಅಡುಗೆ ನೋಡುತ್ತಾ, ಬೇಸಿಗೆಯಲ್ಲಿ ಬತ್ತುವ ಬಾವಿಯಿಂದ ನೀರು ಸೇದುತ್ತಾ ದಿನ ದೂಡುವ ಹೆಣ್ಣಿಗೆ ನಾಲ್ಕು ಬಾರಿ ಬಟ್ಟೆ ಒಗೆಯುವುದು ಸಣ್ಣ ಶ್ರಮವೇನಲ್ಲ. ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝ್‌ನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಮಗುವಿನ ಒಂದು ಚಡ್ಡಿಯನ್ನೂ ಹಿಂಡಿ ಹಾಕದ ತಂದೆಗೆ ಹಾಸಿಗೆ ಒದ್ದೆಯಾಯಿತೆಂದು ಗದರುವ ಹಕ್ಕು ಎಲ್ಲಿಂದ ಬಂತು? ಅನೇಕ ಮನೆಗಳಲ್ಲಿ ಮಗುವಿನ ನೀರು ಕಡಿಮೆಯಾಗುವುದು ಈ ಗದರಿಕೆಯ ಭಯದಿಂದಲೇ.

ಮಗುವನ್ನು ಇತರರ ಬಳಿ ಬಿಟ್ಟು ಕೆಲಸಕ್ಕೆ ಹೋಗುವವರೂ ಇಂದು ಬಹಳ. ಗ್ರಾಮ ಪಂಚಾಯತುಗಳಲ್ಲಿ 2023ರ ಬಳಿಕ 'ಕೂಸಿನ ಮನೆ'ಗಳು ತೆರೆದಿವೆ. ಪೇಟೆಗಳಲ್ಲಿ ಖಾಸಗಿ ಶಿಶುಪಾಲನಾ ಕೇಂದ್ರಗಳಿವೆ. ಸಂಜೆ ಕರೆತರಲು ಹೋದಾಗ "ಇವತ್ತು ಒಮ್ಮೆಯೂ ಒದ್ದೆ ಮಾಡಲಿಲ್ಲ" ಎಂದು ಆಯಾ ಹೇಳಿದರೆ ನಮಗೆ ಸಂತೋಷವಾಗುತ್ತದೆ. ಎಷ್ಟು ನೀರು ಕುಡಿಯಿತು ಎಂದು ಕೇಳುವವರು ಎಷ್ಟು ಮಂದಿ? ಕಡಿಮೆ ಸಂಬಳಕ್ಕೆ ಹತ್ತಾರು ಮಕ್ಕಳನ್ನು ನೋಡಿಕೊಳ್ಳುವ ಆಕೆ ಯಾವುದಕ್ಕೆ ಮೆಚ್ಚುಗೆ ಸಿಗುತ್ತದೋ ಅದನ್ನೇ ಮಾಡುತ್ತಾಳೆ. ನಾವು ಒಣ ಚಡ್ಡಿಯನ್ನು ಹೊಗಳಿದರೆ ಒಣ ಚಡ್ಡಿಯೇ ಸಿಗುತ್ತದೆ, ಅದರ ಜೊತೆಗೆ ಒಣಗಿದ ತುಟಿಯೂ. ಪ್ರತಿಯೊಬ್ಬರೂ ತಮ್ಮ ಅಧೀನದಲ್ಲಿರುವವರ ಬಗ್ಗೆ ವಿಚಾರಿಸಲ್ಪಡುವರು ಎಂಬ ಹೊಣೆ ಮಗುವನ್ನು ಬಾಗಿಲಲ್ಲಿ ಒಪ್ಪಿಸಿದೊಡನೆ ವರ್ಗಾವಣೆಯಾಗುವುದಿಲ್ಲ. ಚೀಲದಲ್ಲಿ ಮೂರು ಚಡ್ಡಿ ಹೆಚ್ಚಿಗೆ ಇಡಿ. ಒದ್ದೆಯಾದರೆ ಬೇಸರವಿಲ್ಲ, ನೀರು ಮಾತ್ರ ತಪ್ಪಿಸಬೇಡಿ ಎಂದು ನೀವೇ ಬಾಯಿಬಿಟ್ಟು ಹೇಳಿ.

ಎಷ್ಟು ಕೊಡಬೇಕು? 12 ಕಿಲೋ ತೂಕದ ಮಗುವಿಗೆ ದಿನಕ್ಕೆ ಒಟ್ಟು ಸುಮಾರು 1,100 ಮಿಲಿಲೀಟರ್ ದ್ರವ ಬೇಕು. ಹಾಲು, ಗಂಜಿಯ ತಿಳಿ, ಮಜ್ಜಿಗೆ, ಹಣ್ಣು, ಸಾರು ಎಲ್ಲವೂ ಇದರಲ್ಲಿ ಸೇರುತ್ತವೆ. ಸೆಕೆಗಾಲದಲ್ಲೂ ಜ್ವರದಲ್ಲೂ ಇದಕ್ಕಿಂತ ಹೆಚ್ಚು ಬೇಕು. ಕುದಿಸಿ ಆರಿಸಿದ ನೀರೇ ಉತ್ತಮ. ಚಹಾ ಈ ಲೆಕ್ಕಕ್ಕೆ ಬೇಡ, ಅದು ಆಹಾರದಲ್ಲಿರುವ ಕಬ್ಬಿಣದ ಅಂಶ ಮೈಗೆ ಹಿಡಿಯದಂತೆ ಮಾಡುತ್ತದೆ. ಬೇಗ ಕಲಿಯಲೆಂದು ಲೋಟಗಟ್ಟಲೆ ನೀರು ಕುಡಿಸಿ ಗಂಟೆಗಟ್ಟಲೆ ಕೂರಿಸುವುದೂ ಸಲ್ಲದು. ಮಗುವಿನ ಮೂತ್ರ ತಿಳಿ ಹಳದಿಯಾಗಿದ್ದರೆ ಸಾಕಷ್ಟು ನೀರು ಸಿಗುತ್ತಿದೆ ಎಂದರ್ಥ. ಗಾಢವಾಗಿದ್ದು, ಆರೆಂಟು ಗಂಟೆ ಮೂತ್ರವೇ ಆಗದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ರಂಝಾನ್ ತಿಂಗಳಲ್ಲಿ ವಿಶೇಷ ಎಚ್ಚರ ಬೇಕು. 2017ರಿಂದ 2019ರ ತನಕ ಅದು ಮೇ-ಜೂನ್ ತಿಂಗಳ ಉರಿಯಲ್ಲೇ ಬಂದಿತ್ತು. ಹಿರಿಯರೆಲ್ಲ ಉಪವಾಸವಿರುವ ಮನೆಯಲ್ಲಿ ಲೋಟದ ಸದ್ದೇ ಇರುವುದಿಲ್ಲ. ಯಾರೂ ಕುಡಿಯದಿರುವಾಗ ಮಗುವಿಗೆ ಕುಡಿಸುವುದು ಮರೆತುಹೋಗುತ್ತದೆ, ಆಟದ ಭರದಲ್ಲಿ ಅದೂ ಕೇಳುವುದಿಲ್ಲ. ಸುಬಹಿಯಿಂದ ಝುಹರ್ ತನಕದ ಹೊತ್ತು ಬಹಳ ದೀರ್ಘ. ಮಗುವಿನ ಸಣ್ಣ ಲೋಟವನ್ನು ಅದರ ಕೈಗೆಟುಕುವ ಎತ್ತರದಲ್ಲಿ, ಕಣ್ಣಿಗೆ ಬೀಳುವಲ್ಲಿ ತುಂಬಿಸಿಡಿ. ಸ್ವಲ್ಪ ಚೆಲ್ಲೀತು. ಒರೆಸಲು ಒಂದು ಬಟ್ಟೆಯನ್ನೂ ಪಕ್ಕದಲ್ಲೇ ಇಟ್ಟಿರಿ.