ಹಗ್ಗವೆಂದು ತಿಳಿದ ಹಾವು

ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಕಂಡು ಹಾವೆಂದು ಬೆದರಿದವನ ದೃಷ್ಟಾಂತ ನಮ್ಮ ವೇದಾಂತಿಗಳಿಗೆ ಬಲು ಪ್ರಿಯವಾದದ್ದು. ದೀಪ ತಂದರೆ ಅವನ ಭಯ ಹೋಯಿತು. ಆದರೆ ಹಾವನ್ನೇ ಹಗ್ಗವೆಂದು ತಿಳಿದು ಕೈಯಿಟ್ಟವನ ಗತಿಯೇನು? ವೈದ್ಯಶಾಲೆಯಲ್ಲಿ ಈ ಎರಡನೆಯ ಭ್ರಮೆಯೇ ಹೆಚ್ಚು ದಾರುಣವಾದದ್ದು.

ಇಪ್ಪತ್ತರ ಹರೆಯದವನೊಬ್ಬನ ಕೊರಳಲ್ಲಿ ಗಂಟು, ಸಂಜೆಯ ಜ್ವರ, ರಾತ್ರಿಯ ಬೆವರು, ಮೈ ಇಳಿಯುತ್ತಿದೆ. ನಮ್ಮ ನಾಡಿನಲ್ಲಿ ಮೊದಲು ಹೊಳೆಯುವ ಹೆಸರು ಕ್ಷಯ. ಹೊಳೆಯುವುದು ನ್ಯಾಯವೇ; ಕ್ಷಯ ಇಲ್ಲಿ ಸಾಮಾನ್ಯ. ಆದರೆ ಇವೇ ಲಕ್ಷಣಗಳು ಹಾಡ್ಗ್‌ಕಿನ್ ಲಿಂಫೋಮ ಎಂಬ ಅಪರೂಪದ ಕ್ಯಾನ್ಸರಿಗೂ ಉಂಟು. ಅದು ತರುಣರನ್ನು ಬಿಡದ ರೋಗ. ಲಂಡನ್ನಿನ ಥಾಮಸ್ ಹಾಡ್ಗ್‌ಕಿನ್ 1832ರಲ್ಲಿ ಅದನ್ನು ವರ್ಣಿಸಿದರು. ಅದರ ವಿಶಿಷ್ಟ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡ ಕಾರ್ಲ್ ಸ್ಟರ್ನ್‌ಬರ್ಗರೇ 1898ರಲ್ಲಿ ಇದು ಕ್ಷಯದ ಒಂದು ಬಗೆಯೆಂದು ತಿಳಿದರು. 1902ರಲ್ಲಿ ಅಮೆರಿಕದ ವೈದ್ಯೆ ಡೊರೊಥಿ ರೀಡ್ ಎರಡನ್ನೂ ಬೇರ್ಪಡಿಸಿ ತೋರಿಸಿದರು.

ಅಂಥ ಪಂಡಿತರೇ ಎಡವಿದ ಕಡೆ ಊರ ವೈದ್ಯನೊಬ್ಬ ಎಡವಿದರೆ ಅದು ಅಪರಾಧವೆ? ಮೊದಲ ಊಹೆ ತಪ್ಪಾದುದು ಅಪರಾಧವಲ್ಲ ಎಂದೇ ನನ್ನ ಅಭಿಪ್ರಾಯ. ಕೊರಳಿನ ಗಂಟನ್ನೆಲ್ಲ ಕ್ಯಾನ್ಸರೆಂದು ಹೇಳಿ ಮನೆಮಂದಿಯನ್ನು ನಡುಗಿಸುವವನೂ ಒಳ್ಳೆಯ ವೈದ್ಯನಲ್ಲ. ಅಪರಾಧ ಹುಟ್ಟುವುದು ಆಮೇಲೆ. ಕ್ಷಯದ ಗಂಟೂ ಬೇಗ ಕರಗದು, ನಿಜ. ಆದರೆ ತಿಂಗಳು ಕಳೆದರೂ ಹುಡುಗ ಸೊರಗುತ್ತಲೇ ಇರುವಾಗ, ಊಹೆಯನ್ನು ಪ್ರಶ್ನಿಸದೆ ಔಷಧವನ್ನಷ್ಟೇ ಮುಂದುವರಿಸಿದರೆ ಊಹೆ ಹಟವಾಗುತ್ತದೆ. ಗಂಟಿನ ಚೂರೊಂದನ್ನು ತೆಗೆದು ಪರೀಕ್ಷಿಸುವುದೇ ಇಲ್ಲಿ ದೀಪ. ಹಾಡ್ಗ್‌ಕಿನ್ ರೋಗ ಇಂದು ಬಹುಮಟ್ಟಿಗೆ ಗುಣವಾಗುವ ಕ್ಯಾನ್ಸರು. ಆದುದರಿಂದಲೇ ವ್ಯರ್ಥವಾಗಿ ಕಳೆದ ತಿಂಗಳುಗಳು ಹೆಚ್ಚು ಸಂಕಟಕರ.

ಇದರಲ್ಲಿ ನಮ್ಮ ಪಾಲೂ ಇದೆ. “ಈ ವಯಸ್ಸಿಗೆ ಎಂಥ ಕಾಯಿಲೆ?” ಎಂದು ಹರೆಯವನ್ನೇ ಆರೋಗ್ಯದ ಸಾಕ್ಷಿಯಾಗಿ ಹಿಡಿಯುವವರು ನಾವು. “ಏನೂ ಇಲ್ಲ, ಹೋಗಿ” ಎಂದವನ ಕೈಗುಣವನ್ನು ಹೊಗಳುತ್ತೇವೆ. “ಖಚಿತವಿಲ್ಲ, ಇನ್ನೊಂದು ಪರೀಕ್ಷೆಯಾಗಲಿ” ಎಂದವನನ್ನು ಹಣ ಕೀಳುವವನೆಂದು ಶಂಕಿಸುತ್ತೇವೆ. ಶಂಕೆಗೆ ಕಾರಣವಿಲ್ಲದೆಯೂ ಇಲ್ಲ. ಆದರೆ ಖಚಿತವಾದ ಮಾತಿಗೆ ಮಾತ್ರ ದಕ್ಷಿಣೆ ಕೊಡುವವರಿಗೆ ಖಚಿತವಾದ ಮಾತು ದೊರೆಯುತ್ತದೆ. ಸತ್ಯ ದೊರೆಯುತ್ತದೆಂಬ ಭರವಸೆಯಿಲ್ಲ.

ವೈದ್ಯನಿಂದ ಸರ್ವಜ್ಞತ್ವವನ್ನು ಬೇಡಲಾಗದು. “ನನ್ನ ಊಹೆ ಇದು, ಇಷ್ಟು ದಿನಗಳಲ್ಲಿ ಗುಣ ಕಾಣದಿದ್ದರೆ ಮತ್ತೆ ಬಾ, ಮೊದಲಿಂದ ನೋಡೋಣ” ಎಂಬ ಒಂದು ಮಾತನ್ನು ಬೇಡಬಹುದು. ಅದನ್ನು ದೌರ್ಬಲ್ಯವೆಂದೆಣಿಸದೆ ಕೇಳಿಸಿಕೊಳ್ಳುವ ತಾಳ್ಮೆಯನ್ನು ನಾವೂ ಕಲಿಯಬೇಕು.