ಬಿದ್ದ ಬೆಳಕಿನ ಕರ್ಮ ಯಾರದು?

ಸ್ವರ್ಗದಲ್ಲಿ ಪುಣ್ಯಫಲ ಉಂಡು ಮುಗಿಸಿ ಕೆಳಗೆ ಬೀಳುವವರ ರೂಪವೇ ಉಲ್ಕೆ ಎನ್ನುತ್ತಾನೆ ಬೃಹತ್ಸಂಹಿತೆಯ ವರಾಹಮಿಹಿರ. 2022ರ ಏಪ್ರಿಲ್ 2, ಯುಗಾದಿಯ ರಾತ್ರಿ, ಮಹಾರಾಷ್ಟ್ರ ಮತ್ತು ಮಧ್ಯಪ್ರದೇಶದ ಆಕಾಶದಲ್ಲಿ ಉರಿಯುತ್ತ ಸಾಗಿದ ಬೆಳಕಿನ ಸಾಲನ್ನು ಉಲ್ಕೆಯೆಂದೇ ಬಗೆದವರಿದ್ದರು. ಆಮೇಲೆ ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ಸುಮಾರು 3 ಮೀಟರ್ ಅಗಲದ ಲೋಹದ ಬಳೆ, ಗುಂಡುಗಳು ಸಿಕ್ಕವು. ಪುಣ್ಯ ತೀರಿದ್ದು ಚೀನಾದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನದು.

ಇಂಥ ಬೆಳಕು ಸಿಂಧನೂರಿನ ಭತ್ತದ ಗದ್ದೆಗಳ ಮೇಲೋ ಲಿಂಗಸುಗೂರಿನ ಮೇಲೋ ಹಾದರೆ ಗುರುತು ಹಿಡಿಯುವುದು ಕಷ್ಟವಲ್ಲ. ಉಲ್ಕೆಯ ವೇಗ ಸೆಕೆಂಡಿಗೆ 11ರಿಂದ 72 ಕಿ.ಮೀ.; ಹೆಚ್ಚಿನವು ‘ಅಗೋ’ ಎನ್ನುವಷ್ಟರಲ್ಲಿ ಆರಿಹೋಗುತ್ತವೆ. ಕಕ್ಷೆಯಿಂದ ಜಾರಿದ ಅವಶೇಷದ್ದು 8 ಕಿ.ಮೀ. ಆಸುಪಾಸು. ಅದು ಬಹುತೇಕ ಅಡ್ಡಡ್ಡಲಾಗಿ, ಒಡೆದ ಚೂರುಗಳನ್ನೆಲ್ಲ ಜೊತೆಗೇ ಕರೆದುಕೊಂಡು, ಮನೆಯವರನ್ನು ಮಾಳಿಗೆಗೆ ಕೂಗಿ ಕರೆಯುವಷ್ಟು ಹೊತ್ತು ಕಾಣುತ್ತದೆ.

ತೊಡಕು ಗುರುತಿಸಿದ ಮೇಲಿನದು. ಉಲ್ಕೆಯನ್ನು ಎಸೆದವರಿಲ್ಲ, ರಾಕೆಟ್ಟನ್ನು ಹಾರಿಸಿದವರಿದ್ದಾರೆ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆ ಇಲ್ಲಿ ತಲೆಕೆಳಗು: ಮಾಡಿದವರು ಎಲ್ಲೋ, ಉಣ್ಣುವವರು ಇನ್ನೆಲ್ಲೋ. ಯಾರ ಮೇಲೂ ಬೀಳಿಸುವ ಉದ್ದೇಶವಿರಲಿಲ್ಲ ಎಂದರೆ? ತಾನು ಬುದ್ಧನ ಅನುಯಾಯಿ ಎಂದು ಅಶೋಕ ಸಾರಿದ ಶಾಸನ ಸಿಂಧನೂರಿಗೆ ಹತ್ತಿರದ ಮಸ್ಕಿಯಲ್ಲೇ ಇದೆ. ಆ ಬುದ್ಧನಿಗೆ ಸಂಕಲ್ಪವೇ ಕರ್ಮ. ಸಂಕಲ್ಪವಿಲ್ಲದಿದ್ದರೆ ಪಾಪವೂ ಹಗುರ. ಜೈನರು ಇಷ್ಟು ಸುಲಭಕ್ಕೆ ಬಿಡುವುದಿಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಬೇರು ಪ್ರಮಾದ, ಅಂದರೆ ಎಚ್ಚರಗೇಡಿತನ. ಎಲ್ಲಿ ಬೀಳುವುದೋ ಹೇಳಲಾಗದಂತೆ ಟನ್‌ಗಟ್ಟಲೆ ಲೋಹವನ್ನು ಕಕ್ಷೆಯಲ್ಲಿ ಬಿಟ್ಟು ಕೈತೊಳೆದುಕೊಳ್ಳುವುದು ಪ್ರಮಾದವಲ್ಲದೆ ಮತ್ತೇನು? ಈ ವಾದದಲ್ಲಿ ಜೈನರ ಮಾತೇ ಮೇಲು.

1972ರ ಅಂತರರಾಷ್ಟ್ರೀಯ ಹೊಣೆಗಾರಿಕೆ ಒಪ್ಪಂದ ಇನ್ನೂ ಬಿಗಿ. ನೆಲದ ಮೇಲೆ ಹಾನಿಯಾದರೆ ತಪ್ಪು ಸಾಬೀತಾಗಬೇಕಿಲ್ಲ, ಹಾರಿಸಿದ ದೇಶ ಪರಿಹಾರ ಕೊಡಬೇಕು. ಅಣು ರಿಯಾಕ್ಟರ್ ಹೊತ್ತ ಕಾಸ್ಮೋಸ್ 954 ಉಪಗ್ರಹ 1978ರಲ್ಲಿ ಕೆನಡಾದ ಮೇಲೆ ಚೂರಾಗಿ ಚೆಲ್ಲಿದ್ದಕ್ಕೆ ಸೋವಿಯತ್ ಒಕ್ಕೂಟ 30 ಲಕ್ಷ ಕೆನಡಿಯನ್ ಡಾಲರ್ ಕೊಟ್ಟಿತು.

ನಮ್ಮ ಕೈಯೂ ಪೂರ್ತಿ ಚೊಕ್ಕವಲ್ಲ. 2023ರ ಜುಲೈನಲ್ಲಿ ಆಸ್ಟ್ರೇಲಿಯದ ಕಡಲದಂಡೆಗೆ ಬಂದು ಬಿದ್ದ ಸಿಲಿಂಡರು ಬಹುಶಃ ಪಿಎಸ್‌ಎಲ್‌ವಿಯದು ಎಂದು ಅಲ್ಲಿನ ಬಾಹ್ಯಾಕಾಶ ಸಂಸ್ಥೆ ಹೇಳಿತು. ಇಸ್ರೊ ಈಗ ಪ್ರಮಾದವನ್ನು ಕಡಿಮೆ ಮಾಡಿಕೊಳ್ಳುತ್ತಿದೆ: ತನ್ನ ರಾಕೆಟ್ಟಿನ ಕೊನೆಯ ಹಂತವಾದ ಪೊಯೆಮ್-3ರ ಕಕ್ಷೆಯನ್ನು 650 ಕಿ.ಮೀ.ಯಿಂದ 350ಕ್ಕೆ ಇಳಿಸಿ, ಉಳಿದ ಇಂಧನವನ್ನು ಖಾಲಿ ಮಾಡಿತ್ತು. 2024ರ ಮಾರ್ಚ್ 21ರಂದು ಅದು ಉತ್ತರ ಪೆಸಿಫಿಕ್ ಸಾಗರದ ಮೇಲೆ ವಾತಾವರಣ ಹೊಕ್ಕಿತು.